ನೀರೊಲೆಯ ಮುಂದಿನ ಮಣೆ

ಗುಬ್ಬಿಯ ಹೊರಗೆ ತೆಂಗಿನ ನಾರಿನ ಶೆಡ್ ಇಟ್ಟಿರುವ ಬೆಟ್ಟಸ್ವಾಮಿಗೆ ಒಂದು ಚಟ. ತೆಂಗಿನದು ಏನನ್ನೂ ಎಸೆಯಬಾರದು. ಚಿಪ್ಪು, ಗರಿ, ಸಿಪ್ಪೆ, ನಾರಿನ ಪುಡಿ, ಎಲ್ಲವೂ ಅವನ ಹಿತ್ತಿಲಿಗೇ ಬಂದು ಬೀಳಬೇಕು. ಈ ಜಾಣತನದ ಬಗ್ಗೆ ಮಹಾರಾಯನಿಗೆ ಜಂಬವೂ ಇತ್ತು.

ಹೋದ ವರ್ಷ ಹೈವೇಯಲ್ಲಿ ಎರಡು ಟ್ಯಾಂಕರ್ ಡಿಕ್ಕಿಯಾಗಿ, ಫರ್ನೇಸ್ ಆಯಿಲೆಲ್ಲ ಪಕ್ಕದ ಕೆರೆಗೆ ಹರಿಯಿತು. ಎಣ್ಣೆ ಹೀರುವುದಕ್ಕೆ ನಾರಿನ ಪುಡಿಗಿಂತ ಬೇರೆ ಬೇಕೆ? ತಾಲ್ಲೂಕು ಕಚೇರಿಯಿಂದ ಬೆಟ್ಟಸ್ವಾಮಿಗೆ ಕರೆ ಬಂತು. ಮಾಸ್ಕು, ಗ್ಲೌಸು ಕೊಟ್ಟು, ಕೆರೆಗೆ ಪುಡಿ ಚೆಲ್ಲಿ ಬಾಚುವ ಕೆಲಸ ನಾಲ್ಕು ದಿನ ಮಾಡಿಸಿದರು. ನಾಲ್ಕು ದಿನವೂ ಅವನಿಗೆ ತಲೆ ಸಿಡಿಯಿತು, ಐದನೆಯ ದಿನ ಬಿಟ್ಟಿತು. ಕೆರೆಯ ಸುತ್ತಲಿನವರಿಗೆ ಕಣ್ಣುರಿ, ವಾಂತಿ. ಅದೂ ಇಳಿಯಿತು.

ಆದರೆ ಆ ದಿಕ್ಕಿಗೇ ತಲೆ ಹಾಕದ ಹೆಂಡತಿ ಹನುಮಂತಮ್ಮನಿಗೆ ತಿಂಗಳ ನಂತರ ಕೆಮ್ಮು ಹಿಡಿಯಿತು. ಎಣ್ಣೆಯಲ್ಲಿ ಅದ್ದಿಕೊಂಡವನು ಗುಂಡುಕಲ್ಲಿನ ಹಾಗಿದ್ದಾನೆ, ಮನೆಯಲ್ಲಿದ್ದವಳಿಗೆ ಉಸಿರು ಸಾಲದು. ಇದೆಂಥ ನ್ಯಾಯ? ಬೋರ್ ನೀರಿನ ಮೇಲೆ ಅನುಮಾನಪಟ್ಟು ಕ್ಯಾನ್ ನೀರು ತಂದ. ಕೆರೆಗೆ ಹಾಕಿಕೊಂಡು ಹೋದ ಬಟ್ಟೆಯನ್ನು ದೂರ ಎಸೆದ. ದೃಷ್ಟಿಯನ್ನೂ ತೆಗೆಸಿದ. ಕೆಮ್ಮು ಜಾಸ್ತಿಯೇ ಆಯಿತು. ಇವಳೆಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂದು ಅವನಿಗೆ ದಿಗಿಲು.

ಕೊನೆಗೆ ತುಮಕೂರಿನ ಬಟವಾಡಿಗೆ ಕರೆದುಕೊಂಡು ಹೋದ. ಅಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಾಣಿಶ್ರೀ ಎದೆ ಪರೀಕ್ಷಿಸಿ ಕೇಳಿದರು:

"ಅಡುಗೆ ಸೌದೇಲಾ?"

"ಇಲ್ಲ ಕಣವ್ವಾ, ಗ್ಯಾಸು," ಎಂದಳು ಹನುಮಂತಮ್ಮ.

"ಸ್ನಾನಕ್ಕೆ?"

"ನೀರೊಲೆ. ನಮ್ಮೋರೇ ಬೆಳಗ್ಗೆ ಎದ್ದು ಉರಿ ಹಾಕ್ತಾರೆ. 'ಎದೆ ಬೆಚ್ಚಗಾಗ್ಲಿ, ಇಲ್ಲೇ ಕೂತ್ಕೊ' ಅಂತ ಮಣೆ ಹಾಕ್ಕೊಟ್ಟು ಶೆಡ್ಡಿಗೆ ಹೋಗ್ತಾರೆ. ಕೆಮ್ಮು ಬಂದ್ಮೇಲೆ ಸಂಜೇನೂ ಕೂರ್ತೀನಿ."

"ಏನು ಉರಿಸ್ತೀರಿ?"

"ನಾರಿನ ಪುಡಿ ಮೇಡಮ್," ಎಂದ ಬೆಟ್ಟಸ್ವಾಮಿ ಉತ್ಸಾಹದಿಂದ. "ಕೆರೇಲಿ ಎಣ್ಣೆ ಕುಡಿದಿದ್ದು. ಸುಮ್ನೆ ದಂಡ ಯಾಕೆ ಅಂತ, ಯಾರಿಗೂ ಹೇಳ್ದೆ ಹತ್ತು ಚೀಲ ಮನೆಗೆ ತಂದಿದ್ದೆ. ಒಂದು ಕಡ್ಡಿ ಗೀರಿದ್ರೆ ಸಾಕು, ಧಗ್ ಅಂತ..."

ಹೇಳುತ್ತಿದ್ದವನು ಹೆಂಡತಿಯ ಕಡೆ ತಿರುಗಿದ.

"ಆ ಹೊಗೆಯಿಂದ್ಲೇ ಇರ್ಬೇಕು," ಎಂದರು ಡಾಕ್ಟರ್. "ಇವತ್ತಿಂದ್ಲೇ ನಿಲ್ಲಿಸಿ. ಎಕ್ಸ್‌ರೇ ತೆಗೆಸೋಣ. ಪೂರ್ತಿ ವಾಸಿಯಾಗುತ್ತಾ ಅಂತ ಈಗಲೇ ಹೇಳಕ್ಕಾಗಲ್ಲ."

ಬೆಟ್ಟಸ್ವಾಮಿ ಬಸ್ಸಿಳಿದು ಮನೆಗೆ ಬಂದವನೇ ಹಿತ್ತಿಲಿಗೆ ಹೋದ. ಇನ್ನೂ ಮೂರು ಚೀಲ ಉಳಿದಿದ್ದವು. ಸುಡುವ ಹಾಗಿಲ್ಲ. ತೆಂಗಿನ ಬುಡಕ್ಕೆ ಹಾಕಿದರೆ ಮರದ ಗತಿ? ಬೋರಿನ ಹತ್ತಿರವಂತೂ ಬೇಡ. ಚೀಲಗಳನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎಳೆದಾಡಿದ. ತೆಂಗಿನದು ಏನನ್ನೂ ಎಸೆಯದವನಿಗೆ ಅದನ್ನು ಎಸೆಯುವುದು ಎಲ್ಲಿ ಎಂದೇ ಗೊತ್ತಿರಲಿಲ್ಲ.

ಹನುಮಂತಮ್ಮ ಕೆಮ್ಮುತ್ತಾ ಬಾಗಿಲಿಗೆ ಬಂದಳು.

"ಹೋಗ್ಲಿ ಬುಡಿ. ನಾನು ಬೆಚ್ಚಗಿರ್ಲಿ ಅಂತ್ಲೇ ಅಲ್ವಾ ಮಾಡಿದ್ದು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಚೀಲಗಳನ್ನು ಬಿಟ್ಟು, ನೀರೊಲೆಯ ಮುಂದಿದ್ದ ಮಣೆಯನ್ನು ಎತ್ತಿಕೊಂಡು, ಅದನ್ನು ಎಲ್ಲಿಡಬೇಕೋ ತೋಚದೆ ಅಂಗಳದಲ್ಲೇ ನಿಂತುಬಿಟ್ಟ.