ನಡು ಸವೆದ ಮಿಲ್ಲಿಂಗ್ ಮಷೀನು

ಯಲ್ಲಾಪುರದ ಸಾಹೇಬರೊಬ್ಬರ ಶೆಡ್ಡಿನಲ್ಲಿದ್ದ, ಕಬ್ಬಿಣ ಕೊರೆಯುವ ಹಳೆಯ ಮಿಲ್ಲಿಂಗ್ ಮಷೀನು ನೋಡಲು ಭಾವನ ಜೊತೆ ಹೊರಟ ದಿನ, ಅದು ಬರೀ ಗುಜರಿ ಕಬ್ಬಿಣವಾಗಿರಲಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಮಷೀನು ಪರೀಕ್ಷೆಗೆ ಹೋಗುವವನು ಹೀಗೆ ಬೇಡಿಕೊಳ್ಳಬಾರದು. ಆದರೆ ಅದು ಚೆನ್ನಾಗಿದ್ದರೆ ನನ್ನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಆಗಿನ್ನೂ ಮೂವತ್ತರ ದಶಕ. ನಾನು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತಿದ್ದೆ. ಅಕ್ಕನಿಗೆ ಮೈ ಹುಷಾರಿಲ್ಲ ಎಂದು ಶಿರಸಿಗೆ ಬಂದವನು ಮಳೆಗಾಲವೆಲ್ಲ ಅಲ್ಲೇ ಉಳಿದುಬಿಟ್ಟೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಊರಿನ ತೋಟದ ಗೊಡವೆಯನ್ನು ಅಣ್ಣಂದಿರಿಗೆ ಬಿಟ್ಟು ಪೇಟೆಯಲ್ಲಿ ಲಾರಿ ರಿಪೇರಿಯ ಶೆಡ್ಡು ಹಾಕಿದ್ದ. ಪಾನಾ ಹಿಡಿಯಲು ಬಾರದಿದ್ದರೂ ಬರೀ ಮಾತಿನಲ್ಲೇ ನಟ್ಟು ಬಿಚ್ಚಬಲ್ಲ ಮನುಷ್ಯ. ಘಟ್ಟದ ರಸ್ತೆಯಲ್ಲಿ ಲಾರಿಗಳ ಗೇರಿನ ಹಲ್ಲು ಮುರಿದರೆ ಮುಂಬಯಿಯಿಂದ ಹೊಸದು ಬರುವ ತನಕ ಗಾಡಿ ಮೂಲೆ ಹಿಡಿಯುತ್ತಿತ್ತು. ಹಲ್ಲು ಕೊರೆಯುವ ಮಷೀನು ನಮ್ಮಲ್ಲೇ ಇದ್ದರೆ ಎಂಬ ಯೋಚನೆ ಅವನ ತಲೆ ಹೊಕ್ಕದ್ದು ಹಾಗೆ. ಅದನ್ನು ನಡೆಸಬಲ್ಲವನು ಊರಿಗೆಲ್ಲ ನಾನೊಬ್ಬನೇ.

ಹುಬ್ಬಳ್ಳಿಯ ನಮ್ಮ ದೊಡ್ಡ ಮೇಸ್ತ್ರಿ, ದೀಪಾವಳಿಯೊಳಗೆ ಬಂದರೆ ಕಬ್ಬಿಣ ಕಡೆಯುವ ಒಂದು ಲೇತು ನಿನಗೇ ಬಿಟ್ಟುಕೊಡುತ್ತೇನೆ ಎಂದಿದ್ದರು. ನನ್ನದೇ ಲೇತು! ಟ್ರಂಕಿಗೆ ಬಟ್ಟೆ ತುಂಬಿ ಮಂಚದ ಕೆಳಗೆ ತಳ್ಳಿಟ್ಟಿದ್ದೆ. ಮಷೀನು ಬೇಡ ಎಂದು ಹೇಳಿ, ಮರುದಿನದ ಹುಬ್ಬಳ್ಳಿ ಮೋಟಾರು ಹತ್ತುವುದು ನನ್ನ ಎಣಿಕೆ.

"ತಮಾ, ನೀ ಹೂಂ ಹೇಳಿದ್ರೆ ತಗಂಬನ, ಇಲ್ದಿದ್ರೆ ಇಲ್ಲೆ" ಎಂದು ಭಾವ ಹೊರಡುವಾಗ ಹೇಳಿದ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ.

ದಾರಿ ಬಿಟ್ಟು ಅವನು ಲಾರಿಯನ್ನು ಚಂದಗುಳಿಗೆ ತಿರುಗಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅಲ್ಲಿಯ ಗಣಪತಿಗೆ ಬೇಡಿಕೊಂಡದ್ದು ಕೈಗೂಡಿದ ಮೇಲೆ ಗಂಟೆ ಕಟ್ಟುವುದು ರೂಢಿ. ಭಾವ ಸೀಟಿನ ಕೆಳಗಿನಿಂದ ಹೊಸ ಗಂಟೆಯೊಂದನ್ನು ತೆಗೆದು, ಶಲ್ಯ ಸರಿಮಾಡಿಕೊಂಡು ಹೋಗಿ ಕಟ್ಟಿಯೇ ಬಿಟ್ಟ.

"ಮಷೀನು ಇನ್ನೂ ನೋಡಿದ್ದೇ ಇಲ್ಲೆ, ಈಗ್ಲೇ ಎಂತಕ್ಕೆ ಗಂಟೆ ಭಾವ?" ಎಂದೆ.

"ಮೊದ್ಲೇ ಕೊಟ್ರೆ ಗಣಪತಿಗೆ ಇಲ್ಲೆ ಹೇಳಲೆ ಆಗ್ತಿಲ್ಲೆ" ಎಂದು ನಕ್ಕ. ದೇವರನ್ನೇ ಮಾತಿನಲ್ಲಿ ಕಟ್ಟಿಹಾಕುವ ಈ ಆಸಾಮಿಯ ಮುಂದೆ ನನ್ನ ಪಾಡೇನು ಎಂದು ಲಾರಿಯಲ್ಲಿ ಕೂತು ಉರಿದುಕೊಂಡೆ.

ಸಾಹೇಬರದು ಮರ ಸಾಗಿಸುವ ಲಾರಿಗಳ ವ್ಯವಹಾರ. ಮಷೀನು ನಡೆಸುತ್ತಿದ್ದವನು ಕೆಲಸ ಬಿಟ್ಟು ಮಂಗಳೂರಿಗೆ ಹೋದ ಮೇಲೆ ಅದು ಗೋಣಿ ಹೊದ್ದು ಕೂತಿತ್ತು.

"ಬನ್ನಿ ಮೇಸ್ತ್ರಿಗಳೇ, ಕೈ ಹಾಕಿ ನೋಡಿ. ಬರೀ ಕಣ್ಣಲ್ಲಿ ನೋಡಿದ್ರೆ ಎಲ್ಲಾ ಮಷೀನೂ ನವಾಬನೇ" ಎಂದು ಅವರೇ ಗೋಣಿ ಎಳೆದರು. ಸುಳ್ಳು ಹೇಳುವ ವ್ಯಾಪಾರಿ ಸಿಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಸೀಮೆಎಣ್ಣೆ ಬಟ್ಟೆಯಿಂದ ಕಪ್ಪು ಜಿಡ್ಡೆಲ್ಲ ಒರೆಸಿದೆ. ಎರಕದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ಹಲ್ಲು ಕೊರೆಯುವ ಕಟ್ಟರ್ ಕೂರುವ ಅಡ್ಡ ದಂಡದ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದೆ, ಒಂದಿಷ್ಟಾದರೂ ಕುಲುಕಲಿ ಎಂದು. ಕುಲುಕಲಿಲ್ಲ. ಆಯಿಲ್ ಎಂಜಿನ್ ಚಾಲೂ ಮಾಡಿಸಿ ಪಟ್ಟಾ ಹಾಕಿಸಿದೆ. ತಿರುಗುವ ಸ್ಪಿಂಡಲ್ ಸದ್ದು ಕಿವಿಗೆ ಹಿತವಾಗಿತ್ತು.

ಕೊನೆಗೆ, ಕೆಲಸದ ಕಬ್ಬಿಣವನ್ನು ಹೊತ್ತುಕೊಂಡು ಕಟ್ಟರಿನ ಕೆಳಗೆ ಸರಿಯುವ ಟೇಬಲ್ಲಿಗೆ ಕೈಹಾಕಿದೆ. ಹ್ಯಾಂಡಲ್ ತಿರುಗಿಸುತ್ತ ಈ ತುದಿಯಿಂದ ಆ ತುದಿಗೆ ಓಡಿಸಿದೆ. ತುದಿಗಳಲ್ಲಿ ಬಿಗಿ, ನಡುವಿನಲ್ಲಿ ಸಡಿಲು. ಬಗ್ಗಿ, ಅದು ಜಾರುವ ಹಾಸಿನ ಮೇಲೆ ಉಗುರು ಎಳೆದೆ. ನಡುವಿಗೆ ಬಂದಾಗ ಉಗುರು ತಗ್ಗಿಗೆ ಇಳಿಯಿತು. ವರ್ಷಗಟ್ಟಲೆ ಎಲ್ಲ ಕೆಲಸವನ್ನೂ ನಡುವಿನಲ್ಲೇ ಮಾಡಿ ಸವೆಸಿದ್ದರು. ಸಿಕ್ಕಿತು! ಒಂದು ಕಬ್ಬಿಣದ ತುಂಡು ಬಿಗಿದು ಉದ್ದಕ್ಕೂ ಗೆರೆ ಕೊರೆದು ತೋರಿಸಿದೆ. ನಡುವೆ ಗೆರೆ ನಡುಗಿತ್ತು.

"ನಡು ಸವೆದಿದೆ ಸಾಹೇಬ್ರೆ. ಗೊತ್ತಿಲ್ಲದವರು ನಡೆಸಿದ್ರೆ ಹಲ್ಲೆಲ್ಲ ಸೊಟ್ಟ ಬರ್ತದೆ" ಎಂದೆ. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

ಸಾಹೇಬರು ಬಗ್ಗಿ ನೋಡಿ, "ಸಹಿ ಮಾತು" ಎಂದರು.

ಭಾವ ಅವಸರ ಮಾಡಲಿಲ್ಲ. ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚುತ್ತ, "ಗೊತ್ತಿದ್ದಂವ ನಡ್ಸಿದ್ರೆ?" ಎಂದು ಕೇಳಿದ.

ಇಲ್ಲ, ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೈಗೆ ಕಂಡದ್ದನ್ನು ಬಿಟ್ಟು ಬೇರೆ ಹೇಳುವ ಅಭ್ಯಾಸ ನನ್ನ ಬಾಯಿಗೆ ಇರಲಿಲ್ಲ. ಅದೊಂದನ್ನು ಹುಬ್ಬಳ್ಳಿಯಲ್ಲಿ ಕಲಿತಿದ್ದರೆ ಚೆನ್ನಾಗಿತ್ತು. "ಹಾಸು ಕೆರೆದು ಮಟ್ಟ ಮಾಡ್ಕಂಡ್ರೆ ನಡೀತು" ಎಂದೆ.

"ಗೊತ್ತಿದ್ದಂವ ಮನೇಲೇ ಇದ್ನಲಾ!" ಎಂದು ಭಾವ ತೊಡೆ ತಟ್ಟಿದ. ಸಾಹೇಬರು ದೋಷ ಒಪ್ಪಿಕೊಂಡು ಬೆಲೆ ಇಳಿಸಿದರು, ಮೇಲೊಂದು ಪೆಟ್ಟಿಗೆ ಕಟ್ಟರ್‌ಗಳನ್ನೂ ಕೊಟ್ಟರು. ನನ್ನ ಬೆನ್ನು ತಟ್ಟಿ, "ಈ ಮಷೀನಿಗೆ ಇಂಥವರೇ ಬೇಕಾಗಿತ್ತು" ಎಂದರು. ಮಷೀನು ಚೆನ್ನಾಗಿದ್ದರೂ ನಾನೇ ಬೇಕು, ಕೆಟ್ಟಿದ್ದರಂತೂ ನಾನೇ ಬೇಕು. ಹಾರೆ ಹಿಡಿದು ಅಷ್ಟು ಹೊತ್ತು ಮೀಟಿದ್ದು ನನ್ನನ್ನೇ ಎಂದು ಆಗ ಹೊಳೆಯಿತು.

ಲಾರಿ ಶಿರಸಿಯ ಕಡೆ ತಿರುಗಿತು. ಏನೇ ಆಗಲಿ, ಮಷೀನು ಇವನದು, ಕಾಲು ನನ್ನದು, ನಾಳೆ ಹೊರಟೇ ಹೊರಡುತ್ತೇನೆ ಎಂದು ಹಲ್ಲು ಕಚ್ಚಿ ಕೂತಿದ್ದೆ.

ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಗಂಟೆ ಕಟ್ಟಾತಾ?" ಎಂದು ಭಾವನನ್ನು ಕೇಳಿದಳು.

"ಆತು."

ಅವಳು ಮಷೀನಿನ ಸುದ್ದಿ ಎತ್ತಲೇ ಇಲ್ಲ. ನಾನು ಭಾವನ ಮುಖ ನೋಡಿದೆ. ಅವನು ಚಪ್ಪಲಿ ಬಿಡುತ್ತ, "ಹರಕೆ ನಂದಲ್ಲ ತಮಾ. ಅದು ನಿನ್ನ ಅಕ್ಕಂದು, ನೀ ಇಲ್ಲೇ ಉಳೀಲಿ ಹೇಳಿ" ಎಂದು ಒಳಗೆ ಹೋದ.

ಅಂಗಳದ ಗಳದ ಮೇಲೆ ಬಟ್ಟೆ ಒಣಗುತ್ತಿತ್ತು. ನನ್ನ ಅಂಗಿ, ನನ್ನ ಪಂಚೆ, ಹುಬ್ಬಳ್ಳಿಯಲ್ಲಿ ಹೊಲಿಸಿದ ಖಾಕಿ ಚಡ್ಡಿ, ಟ್ರಂಕಿನಲ್ಲಿದ್ದದ್ದೆಲ್ಲ.

"ತೊಳೆದೇ ಇಟ್ಟಿದ್ದಿತ್ತಲೇ ಅಕ್ಕ" ಎಂದೆ.

"ಧೂಳಾಗಿತ್ತು" ಎಂದಳು, ನನ್ನ ಕಡೆ ನೋಡದೆ. ಹಾಸಿಗೆ ಬಿಟ್ಟು ಎದ್ದು ಇನ್ನೂ ಸರಿಯಾಗಿ ಓಡಾಡಲಾರದವಳು ಬಾವಿಯಿಂದ ಅಷ್ಟೂ ನೀರು ಸೇದಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಎಂದು ಉಳಿದಿದ್ದವನು ನಾನೊಬ್ಬನೇ. ಸಿಟ್ಟು ಬಂತು, ಬಹಳ ಸಿಟ್ಟು ಬಂತು. ಅವಳ ಕೈಯಲ್ಲಿ ಬಲವಿಲ್ಲದೆ ಅಂಗಿಗಳನ್ನು ಸರಿಯಾಗಿ ಹಿಂಡಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದನ್ನೇ ಗಳದಿಂದ ಇಳಿಸಿ, ಗಟ್ಟಿಯಾಗಿ ಹಿಂಡಿ, ಮತ್ತೆ ಅಲ್ಲೇ ಹರವಿದೆ.