ಸೂತಕವಿಲ್ಲದ ಎಂಜಿನ್

ಹೆಂಡತಿಯ ತಾಮ್ರದ ಚೊಂಬನ್ನೇ ಬಾಯ್ಲರ್ ಮಾಡಿ, ತರೀಕೆರೆಯ ಮನೆಯ ಹಿತ್ತಿಲಲ್ಲಿ ಪುಟ್ಟ ಉಗಿ ಎಂಜಿನ್ ಕಟ್ಟುತ್ತಿದ್ದೆ. ಅದು ಓಡುವುದನ್ನು ನೋಡಬೇಕೆಂದು ಅವಳಿಗೆ ಆಸೆ. ಅದು ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಉಳಿದ ಕೆಲಸವನ್ನು ಸೂತಕದಲ್ಲೇ ಮುಗಿಸಿ, ನಾನಾದರೂ ನೋಡೋಣವೆಂದು ಹಳಿ ಜೋಡಿಸಿದೆ.

ಪಕ್ಕದ ಮನೆಯ ರಂಗೇಗೌಡರು ತಡೆದರು. "ಸೂತಕದ ಮನೇಲಿ ಹೊಸ ಗಾಡಿ ಹೊರಡಿಸ್ತಾರೇನ್ರೀ ಮೇಷ್ಟ್ರೇ? ಕೊಡಿ, ನಮ್ಮ ನಡುಮನೇಲಿ ಓಡಿಸ್ತೀನಿ."

"ಇದೂ ಸೂತಕದ ಮನೆಯದೇ ಅಲ್ಲವೇ?"

"ತಾಮ್ರ ಕಣ್ರೀ. ನೀರು ಚಿಮುಕಿಸಿದ್ರೆ ಮುಗೀತು. ನೀವು ಮಾತ್ರ ಶುದ್ಧ ಆಗೋವರ್ಗೂ ಒಳಗೆ ಬರ್ಬೇಡಿ."

ನಾನು ಬೀದಿಯಲ್ಲೇ ನಿಂತೆ. ಒಳಗಿನಿಂದ ಚಪ್ಪಾಳೆ ಕೇಳಿಸಿತು. ಗೌಡರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಏನ್ ಓಟ ಮೇಷ್ಟ್ರೇ! ಸ್ಟೇಷನ್ನಿನ ರೈಲಿನಂಗೇ ಸಿಳ್ಳೆ ಹಾಕ್ಬಿಡ್ತು!"

ನಾನು ಅದಕ್ಕೆ ಸಿಳ್ಳೆ ಇಟ್ಟಿರಲೇ ಇಲ್ಲ. ಆದರೆ ಕಣ್ಣಾರೆ ನೋಡಿದವರು ಅವರು, ನಾನಲ್ಲ.