ಚೀನಾದ ಜೋಡು, ಸವಣೂರಿನ ಕೌದಿ

ಇವತ್ತು ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಚಿತ್ರಪಟ ಅಂಟಿಸಲು ಮೈದಾಹಿಟ್ಟಿನ ಅಂಟು ಕಾಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚೀನಾಕ್ಕೆ ಹೋಗಿಬಿಟ್ಟೆ. ಗಾಬರಿಯಾಗಬೇಡಿ, ಸವಣೂರು ಬಿಟ್ಟು ನಾನು ಹೋಗುವುದು ಹೆಚ್ಚೆಂದರೆ ಹಾನಗಲ್ಲಿಗೆ, ಅದೂ ಮದುವೆ ಊಟಕ್ಕೆ.

ಹತ್ತು ವರ್ಷದ ಹಿಂದೆ ಅವ್ವನ ಕಾಲ್ಬೆರಳಿಗೆ ಹುಣ್ಣಾಯಿತು. ಸಕ್ಕರೆ ಕಾಯಿಲೆ. ಮನೆಯೊಳಗೂ ಬರಿಗಾಲಲ್ಲಿ ನಡೆದರೆ ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು. ಅವ್ವನೋ ಮಡಿಯ ಹೆಂಗಸು. "ಬೆರಳು ಹೋದ್ರ ಹೋಗ್ಲಿ, ಒಲಿ ಮುಂದ ಚಪ್ಪಲಿ ಮೆಟ್ಟಂಗಿಲ್ಲ" ಎಂದುಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೂ ನೋಡಿದೆ, ಉಪಯೋಗವಾಗಲಿಲ್ಲ.

ನಾನು ಇತಿಹಾಸದ ಟೀಚರು. ಕಷ್ಟ ಬಂದರೆ ಬೇರೆಯವರು ದೇವರ ಮೊರೆ ಹೋಗುತ್ತಾರೆ, ನಾನು ಪುಸ್ತಕದ ಮೊರೆ. ಚೀನಾದಲ್ಲಿ ಚರ್ಮವೇ ಇಲ್ಲದ ಬಟ್ಟೆಯ ಜೋಡು ಮೆಟ್ಟುತ್ತಿದ್ದರಂತೆ. ಹಳೇ ಅರಿವೆಗಳಿಗೆ ಹಿಟ್ಟಿನ ಅಂಟು ಬಳಿದು, ಪದರದ ಮೇಲೆ ಪದರ ಒಣಗಿಸಿ, ಒತ್ತೊತ್ತಾಗಿ ಹೊಲಿದರೆ ಜೋಡಿನ ಅಟ್ಟೆ ತಯಾರು. ಹಿಂದೆ ಎಡಗಾಲು ಬಲಗಾಲು ಎಂಬ ಭೇದವೂ ಇರಲಿಲ್ಲವಂತೆ. ಹಳೇ ಸೀರೆಗಳನ್ನು ಪದರ ಸೇರಿಸಿ ಕೌದಿ ಹೊಲಿಯುವ ಮೆಹಬೂಬಿ ಚಾಚಿಗೆ ಇದನ್ನೆಲ್ಲ ಅರ್ಧ ಗಂಟೆ ವರ್ಣಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಇದು ಕೌದೀನ ಅಲ್ರೀ ಟೀಚರ? ಸಣ್ಣದೈತಿ, ಅಷ್ಟ" ಎಂದಳು.

ಎಂಟು ದಿನಕ್ಕೆ ಜೋಡು ಬಂತು. ಅವ್ವ ಮುಟ್ಟಿ ನೋಡಿ, "ಕೌದಿ ಇದ್ದಂಗ ಅದ. ದಿನಾ ಒಗದು ಮಡೀಲೆ ಒಣಗಿಸಬಹುದು" ಎಂದು ಕಾಲು ಚಾಚಿದಳು. ನಾನು ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಅವ್ವಾ, ಚೀನಾದ ಅರಮನ್ಯಾಗೂ ಬಟ್ಟೀ ಜೋಡು ಮೆಟ್ಟತಿದ್ರಂತ!" ಎಂದೆ.

ಚಾಚಿದ ಕಾಲು ಹಿಂದೆ ಸರಿಯಿತು. "ಅರಮನೀದಾದರೂ ಜೋಡು ಜೋಡ."

ಅಂದಿನಿಂದ ಅವಳು ಅದನ್ನು ಪಡಸಾಲೆಯಲ್ಲಿ ಮೆಟ್ಟುವಳು. ಅಡುಗೆಮನೆಯ ಹೊಸ್ತಿಲಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವಳು. ದಿನದ ಮುಕ್ಕಾಲು ಪಾಲು ಅವಳಿರುವುದೇ ಒಳಗೆ. ಹುಣ್ಣು ಮತ್ತೆ ಕೆಂಪಾಯಿತು. ತಪ್ಪು ನನ್ನ ನಾಲಗೆಯದು. ಚಾಚಿಯ ಮನೆಗೆ ಹೋಗಿ ಹಣೆ ಬಡಿದುಕೊಂಡೆ.

ಚಾಚಿ ಬಂದು, ಯಾವತ್ತಿನಂತೆ ಹೊಸ್ತಿಲಾಚೆಯೇ ನಿಂತು, ನನ್ನ ಕೈಯಲ್ಲಿ ಅಡುಗೆಮನೆಯ ನೆಲ ಅಳೆಸಿದಳು. ಹದಿನೈದು ದಿನಕ್ಕೆ ಹೆಬ್ಬೆರಳು ದಪ್ಪದ ಕೌದಿಯೊಂದನ್ನು ತಲೆಯ ಮೇಲೆ ಹೊತ್ತು ತಂದಳು.

"ಅವ್ವಾರ, ನೀವೇನೂ ಮೆಟ್ಟಬ್ಯಾಡ್ರಿ. ನಾನು ನೆಲಕ್ಕ ಮೆಟ್ಟಿಸ್ತೇನಿ."

ಅವ್ವ ಕೌದಿಯ ಅಂಚು ಮುಟ್ಟಿ ನೋಡಿದಳು. ನನ್ನ ನಾಲಗೆಯ ತುದಿಗೆ ಏನೇನೋ ಇತಿಹಾಸ ಬಂದಿತ್ತು. ತುಟಿ ಕಚ್ಚಿ ಹಿಡಿದೆ. ಕೊನೆಗೆ ಅವ್ವ ನನ್ನ ಕಡೆ ಕೈಮಾಡಿ, "ಅಕಿಗೆ ಹಾಸಲಿಕ್ಕೆ ಬರೂದಿಲ್ಲ, ನೀನ ಒಳಗ ಬಾ ಮೆಹಬೂಬಿ" ಎಂದಳು.

ಇವತ್ತು ಶಾಲೆ ಬಿಟ್ಟು ಮನೆಗೆ ಬಂದಾಗ ಚಾಚಿ ಅಡುಗೆಮನೆಯಲ್ಲಿ ಕೂತು, ಸವೆದ ಕೌದಿಗೆ ತೇಪೆ ಹಾಕುತ್ತಿದ್ದಳು. ಅವ್ವ ಅಲ್ಲೇ ಸ್ಟೂಲಿನ ಮೇಲೆ.

"ಕಾಲು ತಗೀರಿ ಅವ್ವಾರ."

"ಸಾರು ಕುದೀಲಿಕತ್ತದ. ನಾ ಏಳಂಗಿಲ್ಲ."

ಚಾಚಿ ಅವ್ವನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೌದಿಗೆ ಸೂಜಿ ಹಾಕಿದಳು. ನಾನು ಹೊಸ್ತಿಲಲ್ಲೇ ನಿಂತು ಆ ಪಾದದ ಬೆರಳು ಎಣಿಸಿದೆ. ಐದೂ ಇದ್ದವು.